ಬೂಷ್ಟು ಹಿಡಿದ ಬೆಳಕು

ಕಡಬದ ಜೀಪು ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಸ್ಟುಡಿಯೋ ಇಟ್ಟುಕೊಂಡಿದ್ದ ಲತೀಶನಿಗೆ ಸಿಟ್ಟು ಬಾರದ ದಿನವೇ ಇರಲಿಲ್ಲ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು "ಸ್ವಲ್ಪ ಬಿಳಿ ಮಾಡಿ" ಎಂದರೆ ಸಿಟ್ಟು. ದನದ ಇನ್ಶೂರೆನ್ಸಿಗೆ ಕಿವಿಯ ಬಿಲ್ಲೆ ಕಾಣುವ ಹಾಗೆ ಫೋಟೋ ತೆಗೆಯಲು ಹೋದಾಗ ದನ ತಲೆ ಕೊಡವಿದರೆ ಸಿಟ್ಟು. ದೊಡ್ಡ ಊರಿನಿಂದ ಬಂದು ಇಂಗ್ಲಿಷಿನಲ್ಲಿ ಕ್ಯಾಮರಾ ಪಾಠ ಹೇಳುವ ಹುಡುಗರನ್ನು ಕಂಡರಂತೂ ಮೈಯೆಲ್ಲ ಉರಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. "ಪುಸ್ತಕ ನೀವು ಓದಿ ಮಾರಾಯ್ರೆ, ನನಗೆ ಕಣ್ಣಲ್ಲೇ ಎಲ್ಲ ಉಂಟು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ.

ಹಾಗೆ ಹೇಳುವ ಧೈರ್ಯ ಅವನಿಗೆ ಬಂದದ್ದು ಒಂದೇ ಒಂದು ಫೋಟೋದಿಂದ. ದನದ ಫೋಟೋಕ್ಕೆಂದು ಕಮಲಾವತಿ ಅಜ್ಜಿಯ ಮನೆಗೆ ಹೋಗಿದ್ದಾಗ, ಅಂಗಳದಲ್ಲಿ ಬಟ್ಟೆ ಒಣಹಾಕಿದ ಹಾಗೆ ಮರದ ಹಾಲಿನಿಂದ ಮಾಡಿದ ರಬ್ಬರ್ ಶೀಟುಗಳು ನೇತಾಡುತ್ತಿದ್ದವು. ಅವುಗಳ ನಡುವೆ ಅಜ್ಜಿ ಹಾದು ಹೋಗುವಾಗ ಕ್ಲಿಕ್ಕಿಸಿದ್ದ. ಮುಖದ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು. ಸ್ಟುಡಿಯೋದ ಗೋಡೆಗೆ ದೊಡ್ಡದು ಮಾಡಿ ಹಾಕಿದ. ಅದು ಪುತ್ತೂರು, ಸುಳ್ಯ, ಕಡಬದ ಅರ್ಧ ಜನರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕೂತಿತು. "ಲತೀಶನ ಬೆಳಕು" ಎಂದು ಅದಕ್ಕೊಂದು ಹೆಸರೂ ಬಿತ್ತು.

ಆ ಬೆಳಕನ್ನು ನೋಡಿಯೇ, ಮದುವೆ ನಿಶ್ಚಯವಾಗಿದ್ದ ಸುಳ್ಯದ ಭವಿತಾ ಫೋನು ಮಾಡಿದ್ದು. "ಲತೀಶಣ್ಣ, ಮೊದಲು ಕೊಯಿಲದ ಹುಲ್ಲುಗುಡ್ಡೆಯಲ್ಲಿ ನಮ್ಮಿಬ್ಬರದ್ದು ಸ್ವಲ್ಪ ಫೋಟೋ ತೆಗೀರಿ. ಆ ಅಜ್ಜಿ ಫೋಟೋದ ಹಾಗೆ ಬಂದ್ರೆ ಮದುವೆಯೂ ನಿಮಗೇ."

ಮದುವೆ! ಅಲ್ಲಿಯವರೆಗೆ ಅವನು ಮದುವೆಗಳಲ್ಲಿ ಬೇರೆಯವರ ಲೈಟು ಹಿಡಿದವನು. ಸ್ವಂತದ್ದು ಎಂದು ಒಂದು ಮದುವೆಯನ್ನೂ ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ.

ಇದೇ ಹೊತ್ತಿಗೆ ಲೆನ್ಸು ಕೈಕೊಡಬೇಕೇ? ಇದ್ದದ್ದೇ ಒಂದು ಒಳ್ಳೆಯ ಲೆನ್ಸು. ಅದು ಫೋಕಸ್ ಹಿಡಿಯದೆ ಗರಗರ ಅನ್ನತೊಡಗಿತು. ಪುತ್ತೂರಿನಲ್ಲಿ ಕ್ಯಾಮರಾ ರಿಪೇರಿ ಮಾಡುವ ನಿಯಾಝ್‌ಗೆ ಕೊಟ್ಟು ಬಂದ. ಎರಡು ದಿನ ಬಿಟ್ಟು ಹೋದಾಗ ನಿಯಾಝ್ ನಗುತ್ತಿದ್ದ.

"ಎಂತ ಮಾರಾಯ, ಇದನ್ನು ಮಳೆಗಾಲದಲ್ಲಿ ಎಲ್ಲಿ ಇಡುದು ನೀನು?"

"ಬೈಕಿನ ಬಾಕ್ಸಲ್ಲಿ. ಯಾಕೆ?"

"ಒಳಗೆ ಪೂರ್ತಿ ಫಂಗಸ್! ಜೇಡರ ಬಲೆ ಕಟ್ಟಿದ ಹಾಗೆ. ಇದರಲ್ಲಿ ನೋಡಿದ್ರೆ ಲೋಕವೇ ಹಾಲಲ್ಲಿ ಮುಳುಗಿದ ಹಾಗೆ ಕಾಣ್ತಿತ್ತು. ಫೋಕಸ್ ಸರಿ ಮಾಡಿ, ಅದನ್ನೂ ಒರೆಸಿ ಕೊಟ್ಟಿದ್ದೇನೆ. ಇನ್ನು ಥಂಡಿ ಹಿಡಿಯದ ಹಾಗೆ ಅಕ್ಕಿ ಡಬ್ಬದಲ್ಲಾದ್ರೂ ಮುಚ್ಚಿ ಇಡು."

ಹಾಲು ಎಂಬ ಮಾತು ಕೇಳಿ ಲತೀಶನಿಗೆ ಗೋಡೆಯ ಮೇಲಿನ ಅಜ್ಜಿಯ ಫೋಟೋ ನೆನಪಾಯಿತು. ದುಡ್ಡು ಕೊಟ್ಟು ಲೆನ್ಸು ಎತ್ತಿಕೊಂಡು ಹೊರಟ. ಬೂಷ್ಟು ಎಲ್ಲಿಯಾದರೂ ಫೋಟೋ ತೆಗೆಯುತ್ತದೆಯೇ?

ಕೊಯಿಲದ ಗುಡ್ಡೆಯಲ್ಲಿ ಗಾಳಿ ಚೆನ್ನಾಗಿತ್ತು, ಬಿಸಿಲು ಇಳಿಯುತ್ತಿತ್ತು, ಭವಿತಾ ಹಳದಿ ಸೀರೆ ಉಟ್ಟಿದ್ದಳು. ಎಲ್ಲ ಇತ್ತು, ಬೆಳಕೊಂದು ಬರಲಿಲ್ಲ. ಕ್ಯಾಮರಾದ ಹಿಂದೆ ಇಣುಕಿದ ಭವಿತಾಳಿಗೆ ತನ್ನ ಗಲ್ಲದ ಮೊಡವೆ ಮೊದಲು ಕಂಡಿತು.

"ಇದು ನಾನಾ?"

"ಮತ್ತೆ ಯಾರು?"

ಮದುಮಗ ಹರಿಪ್ರಸಾದ್ ಹೆಗಲ ಮೇಲಿಂದ ಬಗ್ಗಿ ನೋಡಿದ. "ಅಡ್ಡಿಲ್ಲ, ಆಧಾರ್ ಕಾರ್ಡಿಗೆ ಆಗ್ತದೆ."

ಲತೀಶನ ಕಿವಿ ಕೆಂಪಾಯಿತು. ಬಿಸಿಲು ಸರಿಯಿಲ್ಲ ಎಂದ. ಸೀರೆಯ ಬಣ್ಣ ಸರಿಯಿಲ್ಲ ಎಂದ. ಕೊನೆಗೆ ಲೆನ್ಸಿನ ಗಾಜಿಗೆ ಉಸಿರು ಬಿಟ್ಟು ನೋಡಿದ. ಇಬ್ಬರೂ ಮಂಜಿನಲ್ಲಿ ಕಳೆದುಹೋದರು. ಭವಿತಾ ಮೆಲ್ಲಗೆ ಕೇಳಿದಳು, "ಲತೀಶಣ್ಣ, ನೀವು ಲೆನ್ಸ್ ಬದಲು ಮಾಡಿದ್ರಾ?"

ಬದಲು ಮಾಡಿಲ್ಲ ಎಂದರೂ ಸುಳ್ಳು, ಮಾಡಿದ್ದೇನೆ ಎಂದರೂ ಸುಳ್ಳು. "ನೋಡುವ" ಎಂದಷ್ಟೇ ಹೇಳಿ ಬೈಕು ಹತ್ತಿದ.

ಮರುದಿನ ಬೆಳಿಗ್ಗೆ ನೇರ ಕಮಲಾವತಿ ಅಜ್ಜಿಯ ಅಂಗಳಕ್ಕೆ ಹೋದ. ಅದೇ ಅಜ್ಜಿ, ಅದೇ ರಬ್ಬರ್ ಶೀಟು, ಅದೇ ಹೊತ್ತು, ಒರೆಸಿದ ಲೆನ್ಸು. ಬೆಳಕು ಬಂದರೆ ಅದು ತನ್ನದು. ಬಾರದಿದ್ದರೆ? ಬಾರದಿದ್ದರೆ ಇಷ್ಟು ದಿನ ಊರೆಲ್ಲ ಹೊಗಳಿದ್ದು ಒಂದು ಬೂಷ್ಟನ್ನು.

"ಅಜ್ಜಿ, ಆವತ್ತಿನ ಹಾಗೆ ನಿಲ್ಲಿ."

"ಆವತ್ತು ನಿಂತದ್ದು ಯಾರು? ನೀನು ದನದ ಬಾಲ ಹಿಡಿದು ಎಳೆದೆ ಅಂತ ನಿನಗೆ ಬೈಕೊಂಡು ಹೋಗ್ತಿದ್ದೆ ನಾನು."

"ಹಾಗಾದ್ರೆ ಈಗಲೂ ಬೈಯಿರಿ."

"ಸುಮ್ಮನೆ ಹೇಗೆ ಬೈಯುದು ಮಗಾ? ಮೊದಲು ನೀನು ಎಂತಾದ್ರೂ ಮಾಡು."

ಅಜ್ಜಿ ಕೈಕಟ್ಟಿ, ಮುಖ ಗಂಟುಹಾಕಿ ನಿಂತಳು. ತೆಗೆದ ಒಂದೊಂದು ಫೋಟೋದಲ್ಲೂ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹಾಗಿದ್ದಳು. ಬಲಕ್ಕೆ ಬನ್ನಿ, ಎಡಕ್ಕೆ ತಿರುಗಿ, ನಗಬೇಡಿ, ನಗಿ. ಕೊನೆಗೆ ಲತೀಶನ ತಲೆ ಕೆಟ್ಟು, "ಥತ್!" ಎಂದು ಹಿಂದಕ್ಕೆ ಸರಿದ. ಕ್ಯಾಮರಾದ ಪಟ್ಟಿ ಹಗ್ಗಕ್ಕೆ ಸಿಕ್ಕಿತು. ಹಗ್ಗ ಹರಿದು ನಾಲ್ಕೈದು ಶೀಟುಗಳು ಮಣ್ಣಿಗೆ ಬಿದ್ದವು.

"ಅಯ್ಯೋ ನಿನ್ನ ತಲೆಗೆ ಸಿಡಿಲು ಬಡಿಯ! ಮೊನ್ನೆ ದನ, ಇವತ್ತು ಶೀಟು! ನಾಳೆ ಮನೆಯ ಮಾಡಿನ ಹಂಚಿಗೆ ಕೈ ಹಾಕ್ತೀಯಾ?" ಎನ್ನುತ್ತಾ ಅಜ್ಜಿ ಧೂಳು ಮೆತ್ತಿದ ಶೀಟನ್ನು ಎತ್ತಿ ಬಿಸಿಲಿಗೆ ಹಿಡಿದು ಕೊಡವಿದಳು. ಲತೀಶನ ಬೆರಳು ತಾನಾಗಿಯೇ ಒತ್ತಿತು.

ಶೀಟು ಎತ್ತಿ ಕೊಟ್ಟು, ಹಗ್ಗ ಕಟ್ಟಿ, ಇನ್ನಷ್ಟು ಬೈಗಳು ತಿಂದು ಸ್ಟುಡಿಯೋಕ್ಕೆ ಬಂದು ನೋಡಿದ. ತೆರೆದ ಬಾಯಿ, ಉಳಿದ ಎರಡು ಹಲ್ಲು, ಕೆನ್ನೆಯ ಒಂದೊಂದು ಗೆರೆ, ಶೀಟಿನಿಂದ ಸೋಸಿ ಬಂದ ಜೇನು ಬಣ್ಣ. ಎಲ್ಲ ಚೂರಿಯಲ್ಲಿ ಕೊಯ್ದ ಹಾಗೆ ಸ್ಪಷ್ಟ. ಹಾಲು ಒಂದು ತೊಟ್ಟೂ ಇಲ್ಲ. ಆದರೂ ಕಣ್ಣು ಕೀಳಲು ಆಗುತ್ತಿಲ್ಲ. ಒಳ್ಳೆಯದೋ ಕೆಟ್ಟದ್ದೋ ಅವನಿಗೇ ತಿಳಿಯಲಿಲ್ಲ. ಮದುವೆಯ ಕೆಲಸ ಕೈಬಿಟ್ಟು ಹೋಗುವುದಾದರೆ ಹೋಗಲಿ ಎಂದು ಭವಿತಾಳಿಗೆ ಕಳಿಸಿಬಿಟ್ಟ.

ಉತ್ತರ ತಟ್ಟನೆ ಬಂತು. "ಅಬ್ಬ, ಎಷ್ಟು ಚಂದ ಉಂಟು! ಇದೇ ನಿಮ್ಮ ಬೆಳಕು ಲತೀಶಣ್ಣ. ಮದುವೆ ನಿಮಗೇ. ಆದ್ರೆ ಈ ಹಳೇ ಲೆನ್ಸೇ ತನ್ನಿ, ಕೊಯಿಲಕ್ಕೆ ತಂದ ಹೊಸದು ಬೇಡ."

ಲತೀಶ ಎದ್ದು ಗೋಡೆಯ ಫೋಟೋದ ಪಕ್ಕ ಫೋನು ಹಿಡಿದು ನೋಡಿದ. ಹತ್ತಿರ ಹೋದ, ದೂರ ಬಂದ, ಒಂದು ಕಣ್ಣು ಮುಚ್ಚಿದ. ಒಂದರ ಹಾಗೆ ಇನ್ನೊಂದು ಇಲ್ಲವೇ ಇಲ್ಲ. ಹಾಗಾದರೆ ಆ ಹುಡುಗಿ ಕಂಡದ್ದು ಏನನ್ನು? ನಿಯಾಝ್‌ಗೆ ಫೋನು ಹಚ್ಚಿದ.

"ನಿಯಾಝ್ ಭಾಯ್, ಒಳಗೆ ಸ್ವಲ್ಪ ಏನಾದ್ರೂ ಬಿಟ್ಟಿದ್ದೀರಾ?"

"ಎಂತ?"

"ಫಂಗಸ್."

"ಒಂದು ಚೂರೂ ಇಲ್ಲ! ನನ್ನ ಕೆಲಸದ ಮೇಲೆ ಡೌಟಾ ನಿನಗೆ?"

ಲತೀಶ ಲೆನ್ಸನ್ನು ಬಿಚ್ಚಿ ಕಿಟಕಿಯ ಕಡೆ ಹಿಡಿದ. ಗಾಜಿನೊಳಗೆ ಜೀಪು ಸ್ಟ್ಯಾಂಡು ತಲೆಕೆಳಗಾಗಿ, ಚೊಕ್ಕವಾಗಿ ನಿಂತಿತ್ತು. ಭವಿತಾಳಿಗೆ, "ನಿಮಗೆ ಎಂತ ಗೊತ್ತುಂಟು, ಎರಡೂ ಒಂದೇ ಲೆನ್ಸು" ಎಂದು ಸಿಟ್ಟಿನಲ್ಲಿ ಬರೆದ. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ.

"ಆಯ್ತು, ಹಳೇದೇ ತರ್ತೇನೆ" ಎಂದು ಕಳಿಸಿ, ಲೆನ್ಸನ್ನು ಅಕ್ಕಿ ಡಬ್ಬದೊಳಗೆ ಇಟ್ಟ. ಮುಚ್ಚಳವನ್ನು ಮಾತ್ರ ಪೂರ್ತಿ ಮುಚ್ಚಲು ಅವನ ಕೈ ಬರಲಿಲ್ಲ.