ರಂಗಲಕ್ಷ್ಮಮ್ಮ ಸುಮ್ಮನಿರಲು ಕಲಿತದ್ದು

ಮೊಮ್ಮಗಳು ಯಶೋದೆಯ ಬಾಯಿಂದ ಒಂದು ಪದ ಹೊರಟರೆ ಸಾಕು, ರಂಗಲಕ್ಷ್ಮಮ್ಮನಿಗೆ ಮಿಕ್ಕದ್ದೆಲ್ಲ ಗೊತ್ತಾಗಿಬಿಡುತ್ತಿತ್ತು. ಮಗು ‘ಅಜ್ಜಿ, ನೀರು’ ಎಂದರೆ ‘ನೀರು ಬೇಕಾ ಮಗ, ತತ್ತೀನಿ ತಡಿ’ ಎನ್ನುತ್ತಿದ್ದಳು. ‘ಕೋಳಿ’ ಎಂದರೆ ‘ಕೋಳಿ ಒಳಕ್ಕೆ ಬಂದ್ಬುಡ್ತಾ, ಓಡಿಸ್ತೀನಿ’. ‘ಅಮ್ಮ’ ಎಂದರೆ ‘ಅಮ್ಮ ಬತ್ತಾಳೆ ಕಣವ್ವ, ಪಾಪು ಒಸಿ ದೊಡ್ಡದಾಗ್ಲಿ’. ಮಗು ತಲೆಯಾಡಿಸಿ ಸುಮ್ಮನಾಗುತ್ತಿತ್ತು.

ಅದು ಎಂಬತ್ತೊಂದನೆಯ ಇಸವಿ. ಮಗ ಶಿವರಾಮಯ್ಯ ತುಮಕೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎರಡನೆಯ ಮಗು ಏಳು ತಿಂಗಳಿಗೇ ಹುಟ್ಟಿ, ಅದನ್ನು ಬದುಕಿಸಿಕೊಳ್ಳುವುದೇ ದೊಡ್ಡದಾದಾಗ ಅವನು ದೊಡ್ಡವಳನ್ನು ಕುಣಿಗಲ್ಲಿಗೆ ತಂದು ಬಿಟ್ಟಿದ್ದ. ‘ನಾಕು ತಿಂಗ್ಳು ಇಟ್ಕೊಳವ್ವ’ ಎಂದವನು ವರ್ಷ ತುಂಬುತ್ತಾ ಬಂದರೂ ಕರೆದೊಯ್ಯುವ ಮಾತೆತ್ತಿರಲಿಲ್ಲ. ರಂಗಲಕ್ಷ್ಮಮ್ಮನೂ ಕೇಳಿರಲಿಲ್ಲ. ಕೆರೆಯ ಕೆಳಗಿನ ಆ ಮನೆಯಲ್ಲಿ ಮಗು ಓಡಾಡಿಕೊಂಡಿದ್ದರೆ ಅವಳಿಗೆ ಕೆಲಸ ಹಗುರವಾಗುತ್ತಿತ್ತು.

ಆದರೆ ಐದು ವರ್ಷ ಸಮೀಪಿಸಿದರೂ ಯಶೋದೆ ಒಂದು ಮಾತನ್ನು ಪೂರ್ತಿ ಆಡುತ್ತಿರಲಿಲ್ಲ. ಅಕ್ಕಪಕ್ಕದವರು ಗುಸುಗುಸು ಎನ್ನತೊಡಗಿದ್ದರು. ಗಂಡ ಕದರಯ್ಯನೇ ಒಂದು ದಿನ, ‘ಶಿಶುವಿಹಾರಕ್ಕೆ ಹಾಕು. ನಾಕು ಮಕ್ಕಳ ಜತೆ ಮಾತು ಬತ್ತದೆ’ ಎಂದ. ಅಜ್ಜಿಯನ್ನು ಬಿಟ್ಟು ಮಗು ಕೂರಲಿಲ್ಲವಾದ್ದರಿಂದ ಅವಳೂ ಹಿಂದಿನ ಗೋಡೆಗೆ ಒರಗಿ ಕೂರಬೇಕಾಯಿತು.

ಶಿಶುವಿಹಾರದ ಟೀಚರ್ ಅಲಮೇಲಮ್ಮನವರು ಗುಬ್ಬಿಯವರು. ತೆಳ್ಳಗಿನ ಹೆಂಗಸು, ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ ಚಿತ್ರಗಳನ್ನು ತೋರಿಸುತ್ತಾ, ‘ಯಾರಿದಾರೆ? ಏನ್ ಮಾಡ್ತಿದಾರೆ? ಸೇರಿಸಿ ಹೇಳಿ’ ಎನ್ನುತ್ತಿದ್ದರು.

‘ಹೆಂಗಸು’ ಎಂದು ಯಶೋದೆ ಗೋಡೆಯ ಕಡೆ ತಿರುಗಿದಳು.

‘ಹೆಂಗಸು ಬಾವೀಲಿ ನೀರು ಸೇದ್ತಾವ್ಳೆ ಅನ್ನವ್ವ’ ಎಂದಳು ರಂಗಲಕ್ಷ್ಮಮ್ಮ. ಮಕ್ಕಳೆಲ್ಲ ನಕ್ಕರು.

ಮೂರು ದಿನ ನೋಡಿದ ಅಲಮೇಲಮ್ಮನವರು ನಾಲ್ಕನೆಯ ದಿನ ಮಕ್ಕಳು ಹೋದಮೇಲೆ ಅವಳನ್ನು ನಿಲ್ಲಿಸಿಕೊಂಡರು.

‘ಬೇಜಾರು ಮಾಡ್ಕೋಬೇಡಿ ರಂಗಲಕ್ಷ್ಮಮ್ಮ. ಈ ಮಗೂಗೆ ಮಾತು ಬರಲ್ಲ ಅಂತಲ್ಲ. ಅರ್ಧ ಹೇಳಿದ್ರೆ ಸಾಕು, ಮಿಕ್ಕಿದ್ದು ಅಜ್ಜಿ ಹೇಳ್ತಾರೆ ಅಂತ ಅದಕ್ಕೆ ಗೊತ್ತು.’

ರಂಗಲಕ್ಷ್ಮಮ್ಮನ ಮುಖ ಸಣ್ಣದಾಯಿತು. ‘ನಾನೇನು ಬೇಕೂಂತ ಹೇಳ್ತೀನಾ ಟೀಚ್ರಮ್ಮ? ಬಾಯಿಗೆ ಬಂದ್ಬುಡ್ತದೆ.’

‘ಹಾಗಾದ್ರೆ ನಾನು ಮಗೂನ ಕೇಳೋವಾಗ ಬಾಯ್ತುಂಬ ಎಲೆಅಡಿಕೆ ಹಾಕ್ಕೊಂಡು ಕೂತ್ಕೊಳ್ಳಿ.’

ತಮಾಷೆಗೆ ಹೇಳಿದ್ದೆಂದು ಮೊದಲು ಅವಳಂದುಕೊಂಡಳು. ಮರುದಿನ ಅಲಮೇಲಮ್ಮನವರು ಪಾಠಕ್ಕೆ ಮೊದಲು ಅವಳತ್ತ ನೋಡಿ ಕಾದಾಗ, ಸೆರಗಿನ ಗಂಟು ಬಿಚ್ಚಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಅದೆಷ್ಟು ಕಷ್ಟವೆಂದು ಅವಳಿಗೆ ಆಗಲೇ ಗೊತ್ತಾದದ್ದು. ಮಗು ‘ನಾಯಿ’ ಎಂದು ತಿರುಗಿ ನೋಡಿದರೆ ಇವಳ ಎದೆಯಲ್ಲಿ ‘ಮೂಳೆ ಕಡೀತದೆ’ ಎಂಬುದು ಕುದಿಯುತ್ತಿತ್ತು. ಬಾಯಿ ತೆರೆದರೆ ಸೀರೆ ಕೆಂಪಾಗುತ್ತದೆ. ಅಲಮೇಲಮ್ಮನವರೂ ಅವಸರಿಸುತ್ತಿರಲಿಲ್ಲ. ಬೇರೆ ಮಕ್ಕಳು ಹೇಳಿಕೊಡಲು ಹೋದರೆ ಕೈಯಲ್ಲೇ ತಡೆಯುತ್ತಿದ್ದರು. ಅಜ್ಜಿಯಿಂದ ಏನೂ ಸಿಗದೆ ಮಗು ಮುಂದಕ್ಕೆ ತಿರುಗಿ ಚಾಪೆಯ ಎಳೆ ಕೀಳುತ್ತಾ ಕೂರುತ್ತಿತ್ತು. ಒಂಬತ್ತು ದಿನ ಹೀಗೇ ಹೋಯಿತು. ಹತ್ತನೆಯ ದಿನ, ‘ನಾಯಿ... ಓಡ್ತದೆ’ ಎಂದಿತು. ಚಿತ್ರದ ನಾಯಿ ಮಲಗಿಕೊಂಡು ಮೂಳೆ ಕಡಿಯುತ್ತಿತ್ತು. ಆದರೂ ಅಲಮೇಲಮ್ಮನವರು, ‘ಹೌದು, ಎದ್ದಮೇಲೆ ಓಡತ್ತೆ’ ಎಂದರು.

ದೀಪಾವಳಿ ಕಳೆದ ಮೇಲೆ ಅವರು ಹೊಸ ಆಟ ಶುರುಮಾಡಿದರು. ಚಿತ್ರವಿಲ್ಲ, ‘ನಾಳೆ ನಾನು’ ಎಂದು ಅವರು ನಿಲ್ಲಿಸಬೇಕು, ಮಕ್ಕಳು ಮುಂದುವರಿಸಬೇಕು. ಒಬ್ಬ ಕುದುರೆ ಫಾರಮ್ಮಿಗೆ ಹೋಗುತ್ತೇನೆ ಎಂದ. ಒಬ್ಬಳು ಹೊಸ ಲಂಗ ಹಾಕಿಕೊಳ್ಳುತ್ತೇನೆ ಎಂದಳು. ಯಶೋದೆಯ ಸರದಿ ಬಂತು. ಮಗು ಅಜ್ಜಿಯನ್ನು ನೋಡಲಿಲ್ಲ. ತನ್ನ ಕಾಲ್ಬೆರಳು ನೋಡಿಕೊಂಡು, ಒಂದೊಂದೇ ಪದ ಹೆಕ್ಕಿದಂತೆ ಹೇಳಿತು:

‘ನಾಳೆ ನಾನು... ಬಸ್ಸಲ್ಲಿ... ಅಮ್ಮನ್ ಹತ್ರ... ಹೋಗ್ತೀನಿ.’

ಅಲಮೇಲಮ್ಮನವರು ಮಗುವಿನ ತಲೆ ಸವರಿದರು. ರಂಗಲಕ್ಷ್ಮಮ್ಮ ಎದ್ದು ಹೊರಗೆ ಹೋಗಿ, ಚರಂಡಿಯ ಪಕ್ಕ ಉಗುಳಿ, ಬಹಳ ಹೊತ್ತು ಅಲ್ಲೇ ನಿಂತಳು. ಒಂದು ವರ್ಷದಿಂದ ಮಗು ‘ಅಮ್ಮ’ ಎಂದಾಗಲೆಲ್ಲ ತಾನು ‘ಬತ್ತಾಳೆ’ ಎನ್ನುತ್ತಿದ್ದುದು ಅವಳಿಗೆ ನೆನಪಾಯಿತು. ಮಗು ಹೇಳಬೇಕೆಂದಿದ್ದುದು ಅದಲ್ಲ.

ಸಂಜೆ ಗಂಡನಿಗೆ ಹೇಳಿದಳು. ‘ಮಕ್ಕಳು ಇವತ್ತೊಂದು ಅಂತವೆ, ನಾಳೆ ಒಂದು. ಬುಡು’ ಎಂದ ಕದರಯ್ಯ. ಬಿಡುವುದು ಸುಲಭವಿತ್ತು, ಅವಳು ಬಾಯಿ ಬಿಡದಿದ್ದರೆ ಮಗನಿಗೆ ತಿಳಿಯುವುದೂ ಇಲ್ಲ. ಮಗ ಬರುವ ಭಾನುವಾರಕ್ಕೆ ಇನ್ನೆರಡು ದಿನವಿತ್ತು, ಆ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಶಿವರಾಮಯ್ಯ ಬಂದ. ಊಟ ಮುಗಿದು ಜಗಲಿಯಲ್ಲಿ ಕೂತಿದ್ದಾಗ ಯಶೋದೆ ಅವನ ಮೊಣಕಾಲು ಹಿಡಿದು ನಿಂತಳು. ‘ಅಪ್ಪ, ನಾನು...’

‘ಪೆಪ್ಪರ್‌ಮೆಂಟ್ ಬೇಕಾ? ಜೇಬಲ್ಲೈತೆ ತಗಾ.’

‘ನೀನು ಸುಮ್ಕಿರ್ಲಾ’ ಎಂದಳು ರಂಗಲಕ್ಷ್ಮಮ್ಮ. ‘ಅವ್ಳು ಇನ್ನೂ ಹೇಳಿ ಮುಗ್ಸಿಲ್ಲ.’

ಮಗ ಬೆರಗಾಗಿ ತಾಯಿಯನ್ನು ನೋಡಿದ. ಮೂವರೂ ಕಾದರು. ಕದರಯ್ಯ ಬೀಡಿ ಹಚ್ಚಲು ತೆಗೆದ ಕಡ್ಡಿಯನ್ನು ಗೀರದೆ ಹಿಡಿದಿದ್ದ.

‘ಅಪ್ಪ, ನಾನು ನಿನ್ ಜೊತೆ ಬತ್ತೀನಿ’ ಎಂದಿತು ಮಗು. ಇನ್ನೂ ಏನೋ ಉಳಿದಿತ್ತು. ಉಸಿರೆಳೆದುಕೊಂಡು ಅದನ್ನೂ ಹೇಳಿತು: ‘ಪಾಪು ಅತ್ರೂ ನಾನು ಅಳಲ್ಲ.’

ಶಿವರಾಮಯ್ಯ ಮುಖ ಆ ಕಡೆ ತಿರುಗಿಸಿಕೊಂಡ. ಅಂದು ಬಿಟ್ಟುಹೋಗುವಾಗ ಅವನೇ ಮಗುವಿಗೆ, ನೀನು ಅತ್ತರೆ ಪಾಪುಗೆ ನಿದ್ದೆ ಬರಲ್ಲ, ಅದಕ್ಕೇ ಇಲ್ಲಿರು ಎಂದಿದ್ದ. ಆಮೇಲೆ ಅದನ್ನು ಮರೆತೂಬಿಟ್ಟಿದ್ದ.

‘ಇರೋದು ಒಂದೇ ರೂಮು ಅವ್ವ’ ಎಂದ ಕೊನೆಗೆ.

‘ಅಷ್ಟುದ್ದದ ಮಗೀಗೆ ಎಷ್ಟು ಜಾಗ ಬೇಕ್ಲಾ’ ಎಂದಳು ರಂಗಲಕ್ಷ್ಮಮ್ಮ. ಒಳಗೆ ಹೋಗಿ ಮಗುವಿನ ಬಟ್ಟೆ ಮಡಿಸತೊಡಗಿದಳು. ಕಣ್ಣು ಮಂಜಾಗಿ ಒಂದೇ ಲಂಗವನ್ನು ಎರಡು ಸಲ ಮಡಿಸಿದಳು. ನಾಲ್ಕು ಗಂಟೆಯ ಬಸ್ಸಿಗೆ ಅಪ್ಪ ಮಗಳು ಹೊರಟರು.

ಸೋಮವಾರ ಸುದ್ದಿ ಹೇಳಲೆಂದು ಅವಳು ಶಿಶುವಿಹಾರಕ್ಕೆ ಹೋದಳು. ಎಲ್ಲ ಕೇಳಿಸಿಕೊಂಡ ಅಲಮೇಲಮ್ಮನವರು, ‘ಇಪ್ಪತ್ತು ಮಕ್ಕಳ ಮಾತು ಕೇಳೋಕೆ ನನ್ನೊಬ್ಬಳ ಕೈಲಿ ಆಗಲ್ಲ. ಬೆಳಗಿನ ಹೊತ್ತು ಬಿಡುವಿದ್ರೆ ಬನ್ನಿ’ ಎಂದರು.

‘ನಂಗೆ ಅಕ್ಷರ ಬರಲ್ವಲ್ಲ ಟೀಚ್ರಮ್ಮ.’

‘ಅದು ನಾನು ನೋಡ್ಕೋತೀನಿ.’

ಹಾಲು ಕರೆದು, ಗಂಡನಿಗೆ ಬುತ್ತಿ ಕಟ್ಟಿ, ಹತ್ತು ಗಂಟೆಗೆ ಬರುತ್ತೇನೆಂದು ರಂಗಲಕ್ಷ್ಮಮ್ಮ ಒಪ್ಪಿಕೊಂಡಳು. ಆ ದಿನ ಹೊರಡುವಾಗ ಬಾಗಿಲ ಬಳಿ ಪಕ್ಕದ ಮನೆಯ ಚಿಕ್ಕಮಾರಮ್ಮನ ಕಿರಿಮಗ ಅವಳ ಸೀರೆ ಜಗ್ಗಿ, ‘ನಮ್ಮನೆ ಎಮ್ಮೆ’ ಎಂದು ಮಾತು ನಿಲ್ಲಿಸಿದ. ಎಮ್ಮೆ ಕರು ಹಾಕಿತ್ತೆಂದು ಓಣಿಗೆಲ್ಲ ಗೊತ್ತಿತ್ತು. ಅವಳು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಊಂ’ ಎಂದಳು.