ಮುಖ್ಯ ಎಂಜಿನಿಯರರ ಮೂರು ಕಾಲಿನ ಕುರ್ಚಿ

ಆ ಕುರ್ಚಿಯ ನಾಲ್ಕನೆಯ ಕಾಲನ್ನು ಮುರಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಏಳು ವರ್ಷ ಹೇಳದೆ ಇದ್ದು ನಾನು ಪಟ್ಟ ಪಾಡು ನನಗೇ ಗೊತ್ತು.

ನಮ್ಮದು ನೀರಿನ ಮ್ಯೂಸಿಯಂ. ಒಂದು ಕಾಲದಲ್ಲಿ ಇಡೀ ಊರಿಗೆ ನೀರೆತ್ತುತ್ತಿದ್ದ ಪಂಪ್‌ಹೌಸ್. ಯಂತ್ರಗಳು ನಿಂತ ಮೇಲೆ ಅವಕ್ಕೆ ಎಣ್ಣೆ ಹಚ್ಚಿ, ಸುತ್ತ ಹಗ್ಗ ಕಟ್ಟಿ, ಬಾಗಿಲಲ್ಲಿ ಟಿಕೆಟ್ ಕೊಡಲು ಶುರುಮಾಡಿದರು. ನನ್ನ ಕೆಲಸ ಲೇಬಲ್ ಬರೆಯುವುದು: ಯಾವ ವಸ್ತು, ಯಾವ ಲೋಹ, ಎಷ್ಟು ತೂಕ, ಯಾವ ಕಾಲದ್ದು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯುತ್ತೇನೆ. ನನ್ನ ಸೋದರಮಾವ ಅಲ್ಲೇ ಗೈಡು. ಅವರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ದಿನ, ದೊಡ್ಡ ವಾಲ್ವಿನ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದ ಚೌಕಟ್ಟೊಂದು ಒಂದು ಬೆರಳಿನಷ್ಟು ವಾಲಿಕೊಂಡಿರುವುದು ಕಣ್ಣಿಗೆ ಬಿತ್ತು. ವಾಲಿದ ಚೌಕಟ್ಟು ಕಂಡರೆ ನನಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತೆ. ಪಕ್ಕದಲ್ಲೇ ಒಂದು ಹಳೆಯ ಕುರ್ಚಿ ಇತ್ತು. ಹತ್ತಿದೆ. ಕೈ ಇನ್ನೇನು ಚೌಕಟ್ಟಿಗೆ ತಾಗಬೇಕು, ಲಟ್ಟೆಂದಿತು. ನಾನು ನೆಲದ ಮೇಲೆ, ಕುರ್ಚಿ ವಾಲ್ವಿಗೆ ಒರಗಿಕೊಂಡು, ಅದರ ಒಂದು ಕಾಲು ನನ್ನ ಕೈಯಲ್ಲಿ. ಸರಿಯಾಗಿ ಆಗಲೇ ಬಾಗಿಲಲ್ಲಿ ಮಾವ. ಅವರ ಹಿಂದೆ ಇಪ್ಪತ್ತೆರಡು ಶಾಲಾ ಮಕ್ಕಳು.

ಮಾವ ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. ನಡಿಗೆ ನಿಲ್ಲಿಸಲೂ ಇಲ್ಲ.

“ಬನ್ನಿ ಮಕ್ಕಳೇ, ಇದೇ ನೋಡಿ, ಮುಖ್ಯ ಎಂಜಿನಿಯರರ ಮೂರು ಕಾಲಿನ ಕುರ್ಚಿ! ಪ್ರವಾಹ ಬಂದ ದಿನ ಈ ವಾಲ್ವು ಏನು ಮಾಡಿದ್ರೂ ತಿರುಗಲಿಲ್ಲ. ಇಲ್ಲಿ ನೀರು ಎಲ್ಲೀವರೆಗೆ ನಿಂತಿತ್ತು ಗೊತ್ತಾ? ಮೊಣಕಾಲಿನವರೆಗೆ! ಆಗ ಅವರು ಏನು ಮಾಡಿದ್ರು? ತಾವು ಕೂತಿದ್ದ ಕುರ್ಚಿ ಕಾಲನ್ನೇ ಕಿತ್ತು, ಈ ಚಕ್ರದೊಳಗೆ ತೂರಿಸಿ, ಹಾಕಿ ಮೀಟಿದ್ರು ನೋಡಿ. ವಾಲ್ವು ಮುಚ್ಚಿತು. ಊರು ಉಳೀತು.”

“ಅವರ್ಯಾರು, ಕೆಳಗೆ ಕೂತಿರೋರು?” ಎಂದು ಒಂದು ಮಗು ಕೇಳಿತು.

“ಅವರಾ? ಕುರ್ಚಿಯ ಅಳತೆ ತಗೊಳ್ತಿದ್ದಾರೆ.”

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಆ ಕಾಲನ್ನು ಛತ್ರಿಯ ಮಡಿಕೆಯೊಳಗೆ ಸೇರಿಸಿ ಮನೆಗೆ ಒಯ್ದೆ.

ಮರುದಿನ ಕುರ್ಚಿಯ ಖಾಲಿ ಮೂಲೆಗೆ ಇಟ್ಟಿಗೆ ಬಂತು, ಸುತ್ತ ಹಗ್ಗ ಬಂತು. ಲೇಬಲ್ ಬರೆಯುವ ಸರದಿ ನನ್ನದು. ‘ಕುರ್ಚಿ. ಮರ. ಒಂದು ಕಾಲು ಇಲ್ಲ’ ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೊಂದೇ ನನಗಿದ್ದ ಸಮಾಧಾನ. ಅದೂ ಮನೆಗೆ ಹೋಗುವವರೆಗೆ. ಬೀರುವಿನ ಮೇಲೆ ಬಚ್ಚಿಟ್ಟ ಕಾಲು ವಾರದೊಳಗೆ ನಮ್ಮ ಅತ್ತೆಯ, ಅಂದರೆ ಗಂಡನ ತಾಯಿಯ, ಕಣ್ಣಿಗೆ ಬಿದ್ದಿತ್ತು. “ಎಲ್ಲಿಂದ ತಂದೆ ಇದನ್ನ? ಎಷ್ಟು ಚೆನ್ನಾಗಿ ಹಿಡಿತಕ್ಕೆ ಸಿಗುತ್ತೆ!” ಎಂದವರು, ಅಂದಿನಿಂದ ಪ್ರತಿ ಭಾನುವಾರ ಅದರಲ್ಲೇ ಹಾಸಿಗೆ ಬಡಿಯತೊಡಗಿದರು. ಧೂಳು ಹಾಸಿಗೆಯಿಂದ ಏಳುತ್ತಿತ್ತು, ಏಟು ನನ್ನ ಬೆನ್ನಿಗೆ ಬೀಳುತ್ತಿತ್ತು.

ಕಥೆಗೋ, ರೆಕ್ಕೆಪುಕ್ಕ ಹುಟ್ಟಿತು. ಎರಡನೆಯ ವರ್ಷಕ್ಕೆ ನೀರು ಎಂಜಿನಿಯರರ ಸೊಂಟಕ್ಕೆ ಏರಿತು, ನಾಲ್ಕನೆಯ ವರ್ಷಕ್ಕೆ ಗಂಟಲಿಗೆ. ಹೊಸದಾಗಿ ಮದುವೆಯಾದವರು ಬಂದರೆ ಎಂಜಿನಿಯರರ ಹೆಂಡತಿ ಎದುರು ದಡದಲ್ಲಿ ಲಾಟೀನು ಹಿಡಿದು ನಿಲ್ಲುತ್ತಿದ್ದರು. ವಯಸ್ಸಾದವರು ಬಂದರೆ ಎಂಜಿನಿಯರರಿಗೇ ಎಪ್ಪತ್ತಾಗುತ್ತಿತ್ತು. ಭೌತಶಾಸ್ತ್ರದ ಮೇಷ್ಟ್ರೊಬ್ಬರು ಕೇಳಿಸಿಕೊಂಡು ಹೋಗಿ ಅದನ್ನು ಪರೀಕ್ಷೆಯಲ್ಲಿ ಸನ್ನೆಗೋಲಿನ ಲೆಕ್ಕವಾಗಿ ಕೊಟ್ಟರು. ಕಂಪನಿಯ ಅಧಿಕಾರಿಗಳಿಗೆ ಪಾಠ ಹೇಳುವವರೊಬ್ಬರು ‘ನಿಮ್ಮ ಕುರ್ಚಿಯನ್ನು ಮುರಿಯಲು ನೀವು ಸಿದ್ಧರೇ?’ ಎಂಬ ಭಾಷಣ ಮಾಡಿದರು. ಮನಶ್ಶಾಸ್ತ್ರದವರಿಗೆ ಅದರಲ್ಲಿ ಅಧಿಕಾರದ ಮೋಹ ಕಂಡಿತು. ಒಂದು ಶಾಲೆ ನಾಟಕವನ್ನೇ ಆಡಿತು. ಕಾಲಿನ ಪಾತ್ರ ಮಾಡಿದ ಹುಡುಗಿಗೆ ಬಹುಮಾನವೂ ಬಂತು. ಇದ್ದದ್ದು ಒಂದೇ ಕಾಲು, ಎಲ್ಲರೂ ಅದಕ್ಕೆ ತಮ್ಮ ತಮ್ಮ ಚಪ್ಪಲಿ ತೊಡಿಸಿದರು.

ಮಾವನ ಸ್ವಂತ ಕಾಲು ಮಾತ್ರ ಸೋಲುತ್ತಿತ್ತು. ಗುಂಪು ಹೋದ ಮೇಲೆ ಪಂಪಿಗೆ ಒರಗಿ ನಿಂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಕೂತ್ಕೊಳ್ಳಿ ಮಾವ ಅಂದರೆ, “ಗೈಡು ಕೂತರೆ ಕಥೆ ಮಲಗಿಬಿಡುತ್ತೆ ಕಣೇ” ಅನ್ನುತ್ತಿದ್ದರು. ಎಂಥ ವೃತ್ತಿನಿಷ್ಠೆ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಹೊಸ ಮೇಡಂ ಮ್ಯೂಸಿಯಮ್ಮಿನ ಮುಖ್ಯಸ್ಥೆಯಾಗಿ ಬಂದರು. ಬಂದ ಮೊದಲ ವಾರವೇ ಉಗ್ರಾಣದವರನ್ನು ಮನೆಗೆ ಕಳಿಸಿದರು. ಹಳೆಯ ಮಾಪಕದ ಗಾಜು ಒಡೆದಾಗ ಅವರು ಪೇಟೆಯ ಗಾಜು ತಂದು ಹಾಕಿ ಸುಮ್ಮನಿದ್ದರಂತೆ. “ಒಡೆದದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ” ಎಂದರು ಮೇಡಂ. ಹೇಳುವಾಗ ಅವರು ನನ್ನ ಕಡೆ ನೋಡಿದಂತೆ ಅನ್ನಿಸಿತು. ನನಗೆ ಎಲ್ಲರೂ ನನ್ನ ಕಡೆ ನೋಡಿದಂತೆಯೇ ಅನ್ನಿಸುತ್ತದೆ, ಆ ಮಾತು ಬೇರೆ.

ಎರಡನೆಯ ವಾರ ನನ್ನನ್ನು ಕರೆಸಿದರು. “ಮೂರು ಕಾಲಿನ ಕುರ್ಚಿ ಇನ್ಮೇಲೆ ನಮ್ಮ ಮ್ಯೂಸಿಯಮ್ಮಿನ ಗುರುತು. ಗುರುವಾರ ವಿಡಿಯೋದವರು ಬರ್ತಾರೆ, ಮರದ ತಜ್ಞರೂ ಬರ್ತಾರೆ. ನೀವು ಹೊಸ ಲೇಬಲ್ ಬರೀಬೇಕು. ನಲವತ್ತು ಪದ. ಕಥೆ ಪೂರ್ತಿ ಇರಲಿ. ಕೆಳಗೆ ನಿಮ್ಮ ಸಹಿ.”

ಮಧ್ಯಾಹ್ನ ಊಟದ ಡಬ್ಬಿ ತೆಗೆಯದೆ ಮಾವನ ಹತ್ತಿರ ಓಡಿದೆ.

“ಇಬ್ಬರೂ ಮನೆಗೆ ಹೋಗ್ತೀವಿ ಮಾವ. ಉಗ್ರಾಣದವರದ್ದು ಬರೀ ಗಾಜು. ನಮ್ಮದು ಇಡೀ ಪ್ರವಾಹ!”

“ಸುಮ್ಮನಿರೇ. ಮರಕ್ಕೇನು ಬಾಯಿದೆಯಾ?”

“ತಜ್ಞರಿಗಿದೆ.”

“ತಜ್ಞರಿಗೂ ಕಥೆ ಅಂದ್ರೆ ಇಷ್ಟ ಇರುತ್ತೆ. ನೀನು ಮೊದಲು ಊಟ ಮಾಡು.”

ಗುರುವಾರ ಕ್ಯಾಮೆರಾ ನಿಂತಿತು, ದೀಪಗಳು ಹತ್ತಿದವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮರದ ತಜ್ಞರು ಎಳೆಯ ವಯಸ್ಸಿನವರು. ಯಾರ ಜೊತೆಗೂ ಮಾತಾಡದೆ ಕೈಯಲ್ಲಿ ಟಾರ್ಚ್ ಹಿಡಿದು ನೇರವಾಗಿ ಕುರ್ಚಿಯ ಕೆಳಗೆ ಅಂಗಾತ ಮಲಗಿಬಿಟ್ಟರು. ಎರಡು ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು.

ಮಾವ ಶುರುಮಾಡಿದರು. ನೀರು ಗಂಟಲಿಗೆ ಬಂತು. ಕ್ಯಾಮೆರಾ ನೋಡಿದ ಹುರುಪಿಗೆ ಮೂಗಿಗೂ ಬಂತು. ಎಂಜಿನಿಯರರು ಉಸಿರು ಬಿಗಿಹಿಡಿದು ಕುರ್ಚಿಯ ಕಾಲಿಗೆ ಕೈಹಾಕಿದರು—

“ಇಲ್ಲೇನೋ ಬರೆದಿದೆ,” ಎಂದವು ಬೂಟುಗಳು.

“ಏನು ಬರೆದಿದೆ?” ಮೇಡಂ ಬಗ್ಗಿದರು.

“ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ‘ಸಿಬ್ಬಂದಿ ಕೊಠಡಿ, ಮೂರು’.”

ಮೇಡಂ ಮಾವನ ಕಡೆ ತಿರುಗಿದರು. “ಇದು ಎಂಜಿನಿಯರರ ಕುರ್ಚಿ ಅಲ್ವಾ?”

“ಎಂಜಿನಿಯರೂ ಸಿಬ್ಬಂದಿಯೇ ಅಲ್ವಾ ಮೇಡಂ?”

“ಪ್ರವಾಹ ಬಂದು ನೂರು ವರ್ಷ ಆಯ್ತು,” ಎಂದರು ತಜ್ಞರು, ಹೊರಗೆ ಬಂದು ಬೆನ್ನು ಕೊಡವಿಕೊಳ್ಳುತ್ತ. “ಈ ಕುರ್ಚಿಗೆ ಮೂವತ್ತೂ ಇಲ್ಲ. ಮುರಿದಿರೋದು ಇನ್ನೂ ಇತ್ತೀಚೆಗೆ. ಆರೇಳು ವರ್ಷ ಅಷ್ಟೆ.”

ಮಾವ ಹಗ್ಗ ದಾಟಿ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

“ನಾನೇ ಮುರಿದೆ ಮೇಡಂ,” ಎಂದರು. “ನಂದೇ ಕುರ್ಚಿ. ಒಂದು ಗುಂಪು ಹೋಗಿ ಇನ್ನೊಂದು ಬರೋವರೆಗೆ ಕೂರೋಕೆ ಸಿಬ್ಬಂದಿ ಕೊಠಡಿಯಿಂದ ತಂದಿಟ್ಕೊಂಡಿದ್ದೆ. ಕೂತೆ, ಮುರೀತು. ನನ್ನ ಭಾರಕ್ಕೆ.”

ಮಾವನ ಭಾರ! ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕಾದ ಮನುಷ್ಯ. ಜೀವಮಾನದಲ್ಲೇ ಅವರು ಹೇಳಿದ ಅತಿ ಕೆಟ್ಟ ಕಥೆ ಅದು. ಆದರೆ ಅದರ ನಡುವೆ ಒಂದು ನಿಜವಿತ್ತು, ಅದು ನನಗೆ ಚುಚ್ಚಿತು. ಅದು ಅವರ ಕುರ್ಚಿ. ನಾನು ಮುರಿದೆ, ಅವರು ಅದಕ್ಕೆ ಕಥೆ ಕಟ್ಟಿದರು, ಕಥೆಗೆ ಹಗ್ಗ ಕಟ್ಟಿದರು. ಅಂದಿನಿಂದ ಕೂರಲು ಜಾಗವಿಲ್ಲದೆ ಏಳು ವರ್ಷ ನಿಂತೇ ಇದ್ದಾರೆ.

“ಮೇಡಂ, ಕಾಲು ಮುರಿದದ್ದು ನಾನು,” ಎಂದೆ.

ಮೇಡಂ ನಕ್ಕರು. “ನೀವಾ? ಫೈಲಿನ ಮೂಲೆ ಮಡಚಿದ್ರೆ ಮೂರು ಸಲ ಕ್ಷಮೆ ಕೇಳೋರು ನೀವು. ಮಾವನ್ನ ಉಳಿಸೋಕೆ ಕಥೆ ಕಟ್ಟಬೇಡಿ.”

“ಕಥೆ ಅಲ್ಲ ಮೇಡಂ. ಕುರ್ಚಿ. ಹತ್ತಿದೆ. ಮುರೀತು.”

“ನೋಡಿ, ಲೇಬಲ್ ಓದಿದ ಹಾಗಿದೆ!”

ತಜ್ಞರೂ ನಕ್ಕರು. ಹುಟ್ಟಿದಾಗಿನಿಂದ ಸುಳ್ಳಾಡದವಳು ನಿಜ ಹೇಳಿದರೆ ನಂಬುವವರಿಲ್ಲ. ಎದುರಿಗೆ ಮಾವ ತಲೆ ಚಚ್ಚಿಕೊಂಡರು.

“ಅಯ್ಯೋ, ಹಾಗೆ ಹೇಳಿದ್ರೆ ಯಾರೇ ನಂಬ್ತಾರೆ? ಹೇಳಲೇಬೇಕು ಅಂತಿದ್ರೆ ಸರಿಯಾಗಿ ಹೇಳು. ಮೊದಲಿಂದ ಹೇಳು. ಯಾಕೆ ಹತ್ತಿದೆ?”

“ಚೌಕಟ್ಟು ವಾಲಿತ್ತು.”

“ಎಷ್ಟು?”

“ಒಂದು ಬೆರಳು.”

“ಆಮೇಲೆ?”

ಹೇಳಿದೆ. ಹಲ್ಲಿನ ನಾರಿನಿಂದ ಶುರುಮಾಡಿ, ಲಟ್ಟೆಂದ ಶಬ್ದ, ಇಪ್ಪತ್ತೆರಡು ಮಕ್ಕಳು, ಅಳತೆ ತೆಗೆದುಕೊಳ್ಳುವವಳಾಗಿ ನೆಲದ ಮೇಲೆ ಕೂತದ್ದು, ಛತ್ರಿಯೊಳಗೆ ಸೇರಿದ ಕಾಲು, ಬಸ್ಸಿಳಿದ ಮೇಲೆ ಮಳೆ ಬಂದರೂ ಛತ್ರಿ ಬಿಚ್ಚದೆ ನೆನೆದದ್ದು. ಅತ್ತೆ ಹಾಸಿಗೆ ಬಡಿಯುವ ಜಾಗಕ್ಕೆ ಬಂದಾಗ ಕ್ಯಾಮೆರಾದವರ ಹೆಗಲು ಕುಣಿಯುತ್ತಿತ್ತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನೊಬ್ಬಳೇ ನಗಲಿಲ್ಲ. ಕೊನೆಗೆ, “ನನ್ನನ್ನು ಕಳಿಸಿ ಮೇಡಂ, ಮಾವನ್ನ ಬೇಡ” ಎಂದೆ.

ಮೇಡಂ ಕನ್ನಡಕ ಹಾಕಿಕೊಂಡರು. ಮುಖ ಮತ್ತೆ ಮೊದಲಿನಂತಾಯಿತು. “ಇದು ನಮ್ಮ ಸಂಗ್ರಹದ ವಸ್ತುವೇ ಅಲ್ಲ. ಅದಕ್ಕೆ ಬಚಾವಾದಿರಿ. ಆದರೆ ಏಳು ವರ್ಷ ಮುಚ್ಚಿಟ್ಟಿದ್ದಕ್ಕೆ ಶಿಕ್ಷೆ ಇದೆ. ನಾಳೆ ಆ ಕಾಲು ನನ್ನ ಮೇಜಿನ ಮೇಲಿರಬೇಕು. ಈಗ ಹೇಳಿದ್ದನ್ನೇ ಲೇಬಲ್ಲಿನಲ್ಲಿ ಬರೀರಿ. ಎಲ್ಲರೂ ಓದಲಿ.” ಮಾವನ ಕಡೆ ತಿರುಗಿ, “ಪ್ರವಾಹವಾದರೂ ಬಂದಿತ್ತಾ?” ಎಂದರು.

“ಬಂದಿತ್ತು ಮೇಡಂ, ದೇವರಾಣೆಗೂ ನಿಜ,” ಎಂದರು ಮಾವ. “ಮೊಣಕಾಲಿನವರೆಗೆ.”

ಅತ್ತೆಯಿಂದ ಕಾಲು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. “ಹಾಗಾದ್ರೆ ಹಾಸಿಗೆ ನಿನ್ನ ತಲೇಲಿ ಬಡೀಲಾ?” ಎಂದರು. ಪೂರ್ತಿ ಕಥೆ ಹೇಳಿದ ಮೇಲೆ ಕೊಟ್ಟರು. ಆದರೆ ಏಳು ವರ್ಷದ ಬಳಕೆಯನ್ನೂ ಲೇಬಲ್ಲಿನಲ್ಲಿ ಸೇರಿಸಬೇಕೆಂದು ಪಟ್ಟುಹಿಡಿದರು.

ನಾನು ಬರೆದದ್ದು ಇಷ್ಟು: ‘ಕುರ್ಚಿ. ಮರ. ಗೈಡು ಗುಂಪುಗಳ ನಡುವೆ ಕೂರುತ್ತಿದ್ದುದು. ಗೋಡೆಯ ಚೌಕಟ್ಟು ನೆಟ್ಟಗೆ ಮಾಡಲು ಲೇಬಲ್ ಬರೆಯುವವಳು ಇದನ್ನು ಹತ್ತಿ ಒಂದು ಕಾಲು ಮುರಿದಳು. ಅದನ್ನು ಮುಚ್ಚಲು ಗೈಡು ಒಂದು ಕಥೆ ಹೇಳಿದರು. ಏಳು ವರ್ಷ ನಿಂತುಕೊಂಡೇ ಹೇಳಿದರು. ಪ್ರವಾಹ ಬಂದದ್ದು ನಿಜ. ನೀರು ಮೊಣಕಾಲಿನವರೆಗೆ.’

ಮೇಡಂ ಬೆರಳಿಟ್ಟು ಎಣಿಸಿದರು. “ಮೂವತ್ತೆರಡು. ಇನ್ನೂ ಎಂಟು ಪದ ಉಳಿದಿವೆ.”

“ಮಾವನಿಗೆ ಕೊಟ್ಟುಬಿಡಿ ಮೇಡಂ, ಅವರಿಗೆ ಎಷ್ಟಿದ್ರೂ ಸಾಲಲ್ಲ.”

ತಜ್ಞರೇ ನಿಂತು ಕಾಲು ಕೂಡಿಸಿಕೊಟ್ಟರು. ಹಗ್ಗ ಬಿಚ್ಚಿದರು. ಈಗ ಮಾವ ಕೂತುಕೊಂಡೇ ಹೇಳುತ್ತಾರೆ. ಕಥೆ ಮಲಗಿಲ್ಲ, ಇನ್ನೂ ಉದ್ದವಾಗಿದೆ. ಮೊನ್ನೆ ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಚೌಕಟ್ಟು ಎರಡು ಗೇಣು ವಾಲಿತ್ತಂತೆ, ಬಂದ ಮಕ್ಕಳು ನಲವತ್ತನಾಲ್ಕಂತೆ.

“ಒಂದು ಬೆರಳು. ಇಪ್ಪತ್ತೆರಡು,” ಎಂದೆ.

“ನೋಡಿ ಮಕ್ಕಳೇ, ಮುರಿದವರು ಇವರೇ!” ಎಂದರು ಮಾವ. ಮಕ್ಕಳೆಲ್ಲ ತಿರುಗಿ, ಪಂಪನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು.

ಗುಂಪು ಹೊರಟ ಮೇಲೆ ನನ್ನ ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಈ ಏಳು ವರ್ಷ ಭಯಕ್ಕೆ ನಾನು ಆ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಚೌಕಟ್ಟು ಹಾಗೇ ಇತ್ತು. ಒಂದು ಬೆರಳು ವಾಲಿಕೊಂಡು.

ಮಾವ ನನ್ನ ಮುಖ ನೋಡಿದರು, ಎದ್ದರು, ಕುರ್ಚಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. “ಹತ್ತು.”

“ಬೇಡ ಮಾವ. ಏಣಿ ತರಿಸ್ತೀನಿ.”

“ಏಣಿ ಮುರಿದ್ರೆ ನಾನು ಇನ್ನೊಂದು ಹೊಸ ಕಥೆ ಹುಡುಕಬೇಕಲ್ಲೇ! ಇದಕ್ಕಾದ್ರೆ ಒಂದು ರೆಡಿ ಇದೆ. ಹತ್ತು.”