ಮೇಷ್ಟ್ರು ಪಾಸು ಮಾಡಿದ ಬೆಂಕಿ

ಆ ಬೀದಿಯ ಜನಕ್ಕೆ ವರ್ಷಕ್ಕೊಮ್ಮೆ ಒಂದು ಹುಚ್ಚು ಹಿಡಿಯುತ್ತಿತ್ತು. ಚಳಿ ಇಳಿಯುವ ಹೊತ್ತಿಗೆ ಒಂದು ಶನಿವಾರ ಸಂಜೆ, ಮನೆಯಲ್ಲಿದ್ದ ಮುರುಕಲು ಮರವನ್ನೆಲ್ಲ ಹಿಂದಿನ ಬಯಲಿಗೆ ಹೊತ್ತು ತಂದು, ಒಟ್ಟಿ, ಬೆಂಕಿ ಹಾಕಿ, ಸುತ್ತ ಕೂತು ಹರಟುವ ಹುಚ್ಚು. ವರ್ಷವಿಡೀ ಗೋಡೆಯಾಚೆಯಿಂದ ಒಬ್ಬರ ಕೆಮ್ಮು ಇನ್ನೊಬ್ಬರು ಕೇಳಿಸಿಕೊಂಡವರು ಆವತ್ತು ಮುಖ ಕೊಟ್ಟು ಮಾತಾಡುತ್ತಿದ್ದರು. ಇಷ್ಟು ಒಳ್ಳೆಯ ಹುಚ್ಚಿಗೆ ಕಲ್ಲು ಹಾಕಿದವನು ಬೇಕರಿಯವನು.

ಹನ್ನೊಂದು ವರ್ಷ ಅದರ ಯಜಮಾನಿಕೆ ಅವನದೇ. ಹೋದ ವರ್ಷ ಸೌದೆ ಹಸಿಯಾಗಿತ್ತು, ಇವನಿಗೆ ತಾಳ್ಮೆ ಇರಲಿಲ್ಲ. ಒಂದು ಡಬ್ಬ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಭಗ್ ಅಂತ ಎದ್ದ ಉರಿಗೆ ಅವನ ಎರಡೂ ಹುಬ್ಬು ಹೋದವು, ಮೇಷ್ಟ್ರ ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಎರಡು ಹೊದಿಕೆ ಹೋದವು, ನರ್ಸಮ್ಮನ ನಾಯಿ ಮಂಚದ ಕೆಳಗೆ ಸೇರಿದ್ದು ಎರಡು ದಿನ ಹೊರಗೆ ಬರಲಿಲ್ಲ. ಹುಬ್ಬು ಮತ್ತೆ ಬರುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಬರಲಿಲ್ಲ.

ಮೇಷ್ಟ್ರು ಪುರಸಭೆಗೆ ಏಳು ಪುಟದ ಅರ್ಜಿ ಬರೆದರು. ಅಲ್ಲಿಂದ ಉತ್ತರ ಬಂತು: ಈ ಸಲ ನೂರು ಹೆಜ್ಜೆಯೊಳಗಿನ ಎಲ್ಲ ಮನೆಯವರೂ ಒಪ್ಪಿ ಸಹಿ ಹಾಕಬೇಕು, ಶನಿವಾರ ಆರೂವರೆಗೆ ಗುಮಾಸ್ತ ಬಂದು ಕಾಗದ ನೋಡುತ್ತಾನೆ, ಒಂದೇ ಒಂದು ಸಹಿ ಕಮ್ಮಿಯಾದರೂ ಆ ಬಯಲು ಶಾಶ್ವತವಾಗಿ ಕಾರು ನಿಲ್ಲಿಸುವ ಜಾಗ.

ಕಾಗದವನ್ನು ಕೈಗೆತ್ತಿಕೊಂಡವಳು ಬೇಕರಿಯವನ ಅಕ್ಕ. ಬೀದಿಗೆಲ್ಲ ಅವಳು ಟೈಲರಕ್ಕ. ತಮ್ಮನ ಮಾನ ಉಳಿಸಲು ಎಂದು ಜನ ಅಂದುಕೊಂಡರು. ತಮ್ಮನಿಗೆ ಉಳಿಸುವಷ್ಟು ಮಾನ ಇರಲಿಲ್ಲ ಎನ್ನುವುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಸಂಕಟವೇ ಬೇರೆ. ವರ್ಷವೆಲ್ಲ ಮಿಷನ್ನಿನ ಮೇಲೆ ತಲೆ ಬಗ್ಗಿಸಿ ಕೂತವಳಿಗೆ ಊರವರೆಲ್ಲ ಎದೆ ಮೂವತ್ತೆಂಟು, ಸೊಂಟ ನಲವತ್ತು, ತೋಳು ಇಪ್ಪತ್ಮೂರು. ಆ ಒಂದು ಸಂಜೆ ಮಾತ್ರ ಅವಳು ತಲೆ ಎತ್ತಿ ಕೂತು ಮುಖಗಳನ್ನು ನೋಡುತ್ತಿದ್ದಳು. ಅದೂ ಹೋದರೆ ಬರೀ ಅಳತೆ ಉಳಿಯುತ್ತದಲ್ಲ ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಮನೆಮನೆಗೆ ಹೋದಳು. ನರ್ಸಮ್ಮನ ನಾಯಿಯನ್ನು ಆ ಸಂಜೆ ಅವರ ಅಣ್ಣನ ಮನೆಗೆ ಕಳಿಸುವುದೆಂದಾಯಿತು. ಉಬ್ಬಸದ ಅಜ್ಜಿಗೆ, ಗಾಳಿ ನಿಮ್ಮ ಕಿಟಕಿ ಕಡೆ ಬೀಸಿದರೆ ಕಡ್ಡಿಯನ್ನೇ ಗೀರುವುದಿಲ್ಲ ಎಂದು ಮಾತು ಕೊಟ್ಟಳು. ಕೈಗೂಸಿನ ತಾಯಿಗೆ, ಎಂಟು ಗಂಟೆಗೆ ನೀರು ಹೊಯ್ದು ಕೆದಕಿ ಪೂರ್ತಿ ಆರಿಸುತ್ತೇವೆ ಎಂದಳು. ಎಲ್ಲರೂ ಸಹಿ ಹಾಕಿದರು. ಉಳಿದವರು ಮೇಷ್ಟ್ರು.

ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ತಿದ್ದಲು ಮಕ್ಕಳು ಸಿಗದೆ ಈಗ ಊರನ್ನು ತಿದ್ದುತ್ತಿದ್ದರು. ಚರಂಡಿ, ಬೀದಿದೀಪ, ಅಂಚೆಯವನ ಸೈಕಲ್ ಬೆಲ್ಲು, ಯಾವುದನ್ನೂ ಬಿಟ್ಟವರಲ್ಲ. ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಟೈಲರಕ್ಕ ಅವರ ಪ್ಯಾಂಟು ಹೊಲಿದು ಮುಗಿಸಿ, ಅದನ್ನೇ ನೆಪ ಮಾಡಿಕೊಂಡು ಹೋದಳು.

"ಮೇಷ್ಟ್ರೇ, ಸಹಿ ಕೇಳೋಕೆ ಬಂದಿಲ್ಲ."

"ಕೇಳಿದ್ರೂ ಹಾಕಲ್ಲ," ಎಂದರು ಮೇಷ್ಟ್ರು.

"ಗೊತ್ತು ಬಿಡಿ. ಪ್ಯಾಂಟು ಕೊಡೋಕೆ ಬಂದೆ. ಬೇಗ ಹೋಗ್ಬೇಕು, ಬೆಂಕಿಗೆ ನಿಯಮ ಬರೀತಾ ಕೂತಿದಾನೆ ನನ್ನ ತಮ್ಮ."

"ಯಾರು? ಆ ಹುಬ್ಬಿಲ್ಲದವನಾ?"

"ಏನ್ಮಾಡೋದು ಹೇಳಿ, ನಮ್ಮ ಬೀದೀಲಿ ನೆಟ್ಟಗೆ ನಾಕು ಸಾಲು ಬರೆಯೋರು ಯಾರಿದಾರೆ?"

ಮೇಷ್ಟ್ರ ಮುಖ ಕೆಂಪಾಯಿತು. ಟೈಲರಕ್ಕ ಪ್ಯಾಂಟನ್ನು ಮೇಜಿನ ಮೇಲಿಟ್ಟು ಏನೂ ಅರಿಯದವಳ ಹಾಗೆ ಎದ್ದು ಬಂದಳು. ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತಿದ್ದರು, ಕೈಯಲ್ಲಿ ಒಂಬತ್ತು ಪುಟ, ನಲವತ್ತೊಂದು ನಿಯಮ.

"ಹಾಗಾದ್ರೆ ಸಹಿ ಮೇಷ್ಟ್ರೇ?" ಎಂದಳು ಮೆಲ್ಲಗೆ.

"ಪರೀಕ್ಷೆಗೆ ಮುಂಚೆ ಮಾರ್ಕ್ಸ್ ಕೊಡೋ ಅಭ್ಯಾಸ ನಂಗಿಲ್ಲ. ಶನಿವಾರ ಎಲ್ಲ ನೆಟ್ಟಗಿದ್ರೆ ಅಲ್ಲೇ ಹಾಕ್ತೀನಿ."

ಆಮೇಲೆ ಬೀದಿಯವರು ಪಟ್ಟ ಪಾಡು ಹೇಳತೀರದು. ಬಯಲಿನ ಬಾಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ನಿಂತ ಮೇಷ್ಟ್ರು ಒಂದೊಂದು ಹಲಗೆಯನ್ನೂ ಮೂಸಿ ನೋಡಿದರು. ಬಣ್ಣ ಬಳಿದದ್ದು ಫೇಲು, ಪ್ಲೈವುಡ್ಡು ಫೇಲು, ಹಸಿ ಫೇಲು, ಮೊಳೆ ಕೀಳದ್ದು ಫೇಲು. ಬಡಗಿ ಒಂದು ಗಾಡಿ ಚೂರು ತಂದರೆ ಅರ್ಧ ವಾಪಸು. ಬೇಕರಿಯವನನ್ನಂತೂ ಅವನು ತಂದ ಸೀಮೆಎಣ್ಣೆ ಡಬ್ಬಗಳ ಜೊತೆಗೇ ಫೇಲು ಮಾಡಿ, ಹಗ್ಗ ಕಟ್ಟಿದ ಗೆರೆಯಿಂದಾಚೆ ನಿಲ್ಲಿಸಿದರು. ಹೋದ ವರ್ಷ ಆಳೆತ್ತರ ಇದ್ದ ರಾಶಿ ಈ ಸಲ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಜನ ಟೈಲರಕ್ಕನನ್ನು ಕೆಕ್ಕರಿಸಿ ನೋಡಿದರು. ಅವಳು ಕಂಡೂ ಕಾಣದ ಹಾಗೆ ಮರಳಿನ ಬಕೆಟ್ಟುಗಳನ್ನು ಎಣಿಸಿದಳು.

ಶನಿವಾರ ಬೆಳಗ್ಗೆ ಮೇಷ್ಟ್ರು ದೊಡ್ಡ ದಿನವೆಂದು ಕ್ಷೌರಕ್ಕೆ ಹೋದರು. ಅದೇ ಹೊತ್ತಿಗೆ ಅವರ ಹೆಂಡತಿ, ನಾಲ್ಕು ಮಾತಿಗೆ ಒಂದು ಮಾತು ಆಡುವ ಮೇಷ್ಟ್ರಮ್ಮ, ಏದುಸಿರು ಬಿಡುತ್ತ ಒಂದು ತೋಳುಕುರ್ಚಿಯನ್ನು ಎಳೆದುಕೊಂಡು ಬಯಲಿಗೆ ಬಂದರು.

"ಇದನ್ನ ಸುಟ್ಟುಬಿಡೇ ತಾಯಿ."

ಟೈಲರಕ್ಕನಿಗೆ ಗುರುತು ಸಿಕ್ಕಿತು. ಮೇಷ್ಟ್ರು ಕಿಟಕಿಯ ಮುಂದೆ ಕೂತು ಅರ್ಜಿ ಬರೆಯುವ ಕುರ್ಚಿ. "ಅಯ್ಯೋ, ಅವರಿಗೆ ಗೊತ್ತಾ ಅಮ್ಮ?"

"ಆರು ವರ್ಷದಿಂದ ನಂಗೆ ಕಾಣೋದು ಈ ಕುರ್ಚಿಯ ಬೆನ್ನು, ಅದರ ಮೇಲೆ ಅವರ ತಲೆ. ಕಾಫಿ ಕೊಟ್ರೆ ಹಿಂದಕ್ಕೆ ಕೈ ಚಾಚ್ತಾರೆ ಕಣೇ, ಅಷ್ಟೆ."

ಟೈಲರಕ್ಕನ ಕರುಳು ಚುರುಕ್ಕೆಂದಿತು. ಸಹಿಯ ನೆನಪೂ ಆಯಿತು, ಆದರೆ ಕರುಳು ಮುಂದೆ ಹೋಗಿಬಿಟ್ಟಿತ್ತು. ಇಬ್ಬರೂ ಕಳ್ಳರ ಹಾಗೆ ಅತ್ತಿತ್ತ ನೋಡಿ, ರಾಶಿಯ ತಳಕ್ಕೆ ಕುರ್ಚಿ ನೂಕಿ, ಮೇಲೆ ಗೋಣಿತಾಟು ಹೊದಿಸಿ, ಹಲಗೆ ಜೋಡಿಸಿದರು. ಆಮೇಲೆ ಕೈ ಒರೆಸಿಕೊಂಡು ನಕ್ಕರು ಕೂಡ. ಅಷ್ಟು ಹೊತ್ತಿನಲ್ಲಿ ಹದಿನೇಳನೇ ನಿಯಮ ಇಬ್ಬರ ತಲೆಗೂ ಹೊಳೆಯಲಿಲ್ಲ. ಮೇಷ್ಟ್ರಮ್ಮ ಗಂಡ ಬರೆದದ್ದನ್ನು ಓದುವುದು ಬಿಟ್ಟು ಕಾಲವಾಗಿತ್ತು. ಟೈಲರಕ್ಕ ಮೂರು ಸಲ ಓದಿ ಮರೆತಿದ್ದಳು.

ಸಂಜೆ ಐದೂವರೆಗೆ ಮೇಷ್ಟ್ರು ನುಣ್ಣನೆ ಕೆನ್ನೆಯಲ್ಲಿ ಬಂದು ಗಂಟಲು ಸರಿ ಮಾಡಿಕೊಂಡರು.

"ನಿಯಮ ಹದಿನೇಳು. ರಾಶಿ ಒಳಗೆ ಬೆಕ್ಕೋ ಹಕ್ಕಿಯೋ ಸೇರ್ಕೊಂಡಿರಬಹುದು. ಹಚ್ಚೋ ಮುಂಚೆ ಪೂರ್ತಿ ಬಿಚ್ಚಿ, ಪಕ್ಕದಲ್ಲಿ ಹೊಸದಾಗಿ ಒಟ್ಟಬೇಕು. ಶುರು ಮಾಡಿ."

ಟೈಲರಕ್ಕ ಮೇಷ್ಟ್ರಮ್ಮನ ಕಡೆ ನೋಡಿದಳು. ತಳದಲ್ಲಿ ಅಡಗಿಸಿದ್ದು ಈಗ ಎಲ್ಲರ ಕಣ್ಣೆದುರಿಗೆ ಬರುತ್ತದೆ! ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಹಲಗೆ ದಾಟಿಸಿದರು. ರಾಶಿ ಕರಗಿತು. ಗೋಣಿತಾಟು ಕಂಡಿತು. ಬಡಗಿ ಅದನ್ನು ಎಳೆದ.

ಮೇಷ್ಟ್ರು ಕುರ್ಚಿಯನ್ನೇ ನೋಡಿದರು. "ಇದನ್ನ ತಂದೋರು ಯಾರು?"

ಸಹಿ ಹೋಯಿತು, ಬಯಲು ಹೋಯಿತು ಎಂದುಕೊಂಡಳು ಟೈಲರಕ್ಕ. ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಳ್ಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮೇಷ್ಟ್ರಮ್ಮ ಸಾಲಿನಿಂದ ಈಚೆ ಬಂದರು.

"ನಾನೇ ರೀ."

"ನನ್ನ ಒಂದು ಮಾತು ಕೇಳದೇನೆ?"

"ಕೇಳೋಣ ಅಂತ ಎಷ್ಟು ಸಲ ಬಂದು ನಿಂತೆ. ನೀವು ತಿರುಗಲೇ ಇಲ್ಲ."

ಗ್ಯಾಸು ಮುಗಿದಿದೆ ಎಂದು ಹೇಳುವಷ್ಟೇ ಸಾದಾ ದನಿ. ಜಗಳಕ್ಕೆ ಕಾದಿದ್ದವರು ಕೂಡ ನೆಲ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬಗ್ಗಿ ಕುರ್ಚಿಯ ಕಾಲಿನ ಮೇಲೆ ಬೆರಳಾಡಿಸಿದರು.

"ವಾರ್ನಿಷ್," ಎಂದರು. "ನಿಯಮ ಒಂಬತ್ತು. ವಾರ್ನಿಷ್ ಇರೋ ಮರ ಸುಡೋ ಹಾಗಿಲ್ಲ."

ಮೇಷ್ಟ್ರಮ್ಮನ ಮುಖ ಬಾಡಿತು. ಮೇಷ್ಟ್ರು ಬಡಗಿಯ ಕಡೆ ತಿರುಗಿದರು.

"ನಿನ್ನ ಹತ್ರ ಕೀಸುಳಿ ಇದೆಯೇನಯ್ಯ?"

ಅರ್ಥವಾಗಲು ಎಲ್ಲರಿಗೂ ಒಂದು ಗಳಿಗೆ ಬೇಕಾಯಿತು. ಮೇಷ್ಟ್ರು ಆಗಲೇ ಮಡಿಸಿದ ಗೋಣಿತಾಟಿನ ಮೇಲೆ ಕೂತು, ಕುರ್ಚಿಯನ್ನು ಮಗ್ಗುಲಿಗೆ ಮಲಗಿಸಿ ಹಿಂಗಾಲು ಹೆರೆಯತೊಡಗಿದ್ದರು. ಕೈ ಪಳಗಿರಲಿಲ್ಲ, ಹೆರೆದದ್ದಕ್ಕಿಂತ ಕೊರೆದದ್ದೇ ಹೆಚ್ಚು. ಬಡಗಿ ನೋಡಲಾರದೆ ಇನ್ನೊಂದು ಕಾಲು ಹಿಡಿದ. ನರ್ಸಮ್ಮ ಸ್ಯಾಂಡ್‌ಪೇಪರ್ ತೆಗೆದುಕೊಂಡರು. ಟೈಲರಕ್ಕ ಸೀಟಿನ ಹೊದಿಕೆಯ ದಾರ ಬಿಚ್ಚಿ ಸ್ಪಂಜನ್ನು ಬೇರೆ ಮಾಡಿದಳು. ಬೇಕರಿಯವನಿಗೆ ಹಗ್ಗದಾಚೆಯೇ ನಿಂತು ಕೈ ಮಾತ್ರ ಒಳಗೆ ಚಾಚಲು ಅನುಮತಿ ಸಿಕ್ಕಿತು. ಆರೂವರೆಗೆ ಬಂದ ಗುಮಾಸ್ತ, "ಏನ್ರೀ ಇದು, ಬೆಂಕಿ ಅಂದ್ರೆ ಕುರ್ಚಿ ಹೆರೀತಿದೀರಿ?" ಎಂದ. "ನಿಯಮ ಒಂಬತ್ತು," ಎಂದು ಮೇಷ್ಟ್ರು ಅವನ ಕೈಗೂ ಕುರ್ಚಿಯ ಒಂದು ತೋಳು ಕೊಟ್ಟರು.

ವಾರ್ನಿಷಿನ ಹೊಟ್ಟು ಚೀಲಕ್ಕೆ ಹೋಯಿತು, ಬೋಳು ಮರ ರಾಶಿಯ ನೆತ್ತಿಗೆ. ಮೇಷ್ಟ್ರು ಟೈಲರಕ್ಕನ ಕೈಯಿಂದ ಕಾಗದ ತೆಗೆದುಕೊಂಡು, ಗುಮಾಸ್ತನ ಬೆನ್ನಿನ ಮೇಲಿಟ್ಟು ಸಹಿ ಹಾಕಿದರು. ಟೈಲರಕ್ಕನಿಗೆ ಅಳು ಬಂದಂತಾಗಿ, ನರ್ಸಮ್ಮ ನೋಡುವ ಮುಂಚೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಒಂದು ಹನಿ ಸೀಮೆಎಣ್ಣೆಯಿಲ್ಲದೆ, ಒಂದೇ ಕಡ್ಡಿಗೆ ಬೆಂಕಿ ಹತ್ತಿತು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಹದಿನೈದು ಅಡಿ ದೂರದ ಬೆಂಚುಗಳಲ್ಲಿ ಜನ ಒತ್ತಿಕೊಂಡು ಕೂತು ಹರಟೆ ಶುರು ಮಾಡಿದರು. ಟೈಲರಕ್ಕ ಒಂದೊಂದೇ ಮುಖ ನೋಡುತ್ತ ಹೋದಳು. ಕೊನೆಯ ಬೆಂಚಿನಲ್ಲಿ ಮೇಷ್ಟ್ರಮ್ಮ ಸರಿದು ಜಾಗ ಮಾಡಿಕೊಟ್ಟಿದ್ದರು, ಮೇಷ್ಟ್ರು ಅದರ ಮೇಲೆ ಅಡ್ಡಕ್ಕೆ ಕಾಲು ಹಾಕಿ, ಪೂರ್ತಿ ಹೆಂಡತಿಯ ಕಡೆ ತಿರುಗಿ ಕೂತಿದ್ದರು. ಬೆಂಕಿ ಅವರ ಬೆನ್ನ ಹಿಂದಿತ್ತು.

ಟೈಲರಕ್ಕನಿಗೆ ನಾಲಿಗೆ ತಡೆಯಲಿಲ್ಲ. "ಮೇಷ್ಟ್ರೇ, ಬೆಂಕಿಗೆ ಬೆನ್ನು ಹಾಕಿ ಕೂರಬಾರದು ಅಂತ ನೀವೇ ಬರ್ದಿದೀರಲ್ಲ?"

"ಅರ್ಜಿ ಕೊಡು, ನೋಡೋಣ," ಎಂದರು ಮೇಷ್ಟ್ರು, ಈ ಕಡೆ ತಿರುಗದೆ.